ಸ್ಲೇಟು ಕಲ್ಲಿನ ನೆಲ

ಮಂಗಳವಾರ ಬೆಳಗ್ಗೆ ಬರಿಗಾಲಲ್ಲಿ ಅಡುಗೆಮನೆಗೆ ಬಂದೆ.
ಬೆಚ್ಚಗಿತ್ತು ನೆಲ, ಒಂದು ತಟ್ಟೆಯಗಲ.
ನಮ್ಮ ನೆಲ ಬೆಚ್ಚಗಾಗುವ ಜಾತಿಯದಲ್ಲ.
ಫೆಸ್ಟಿನಿಯೋಗಿನ ಬೆಟ್ಟದ ಹೊಟ್ಟೆ ಬಗೆದು ತೆಗೆದ ಸ್ಲೇಟು,
ಜೂನ್ ತಿಂಗಳಲ್ಲೂ ಕಾಲ್ಬೆರಳು ಕಚ್ಚುತ್ತದೆ.

ನೆಲ್ ಒಲೆಯ ಹತ್ತಿರ ಇರಲಿಲ್ಲ.
ಕೋಟುಗಳ ಹಿಂದೆ, ಮೂಗು ಗೋಡೆಗೊತ್ತಿ,
ತಾನು ಕಾಣದಿದ್ದರೆ
ನೆಲದ ಮೇಲಿನದೂ ಕಾಣದು ಎಂಬಂತೆ ಕೂತಿದ್ದಳು.

ವಯಸ್ಸು ಹದಿಮೂರು. ಅದರಲ್ಲಿ ಹನ್ನೊಂದು ಕೊಟ್ಟಿಗೆಯ ಹುಲ್ಲಿನಲ್ಲಿ.
ಕುರಿ ಕಾಯುವ ನಾಯಿ ಹೊಸ್ತಿಲು ದಾಟಬಾರದು:
ಗ್ವಿಲಿಮನ ಅಪ್ಪನ ಕಾನೂನು, ಅವನಪ್ಪನದೂ.
ಮುಂಗಾಲು ಜೋಡಿಸಿ ಆಚೆ ಕೂತು
ನಮ್ಮ ಊಟ ನೋಡುತ್ತಿದ್ದಳು, ಬೆನ್ನ ಮೇಲೆ ಹಿಮ ಬೀಳುತ್ತಿದ್ದರೂ.
ಹಿಂಗಾಲು ಸೋತ ವರ್ಷ, ಒಂದು ಸಂಜೆ,
ಅವನು ಬಾಗಿಲು ತೆರೆದಿಟ್ಟು
ಪೇಪರು ಹಿಡಿದು ಕೂತ. ಏನೂ ಹೇಳಲಿಲ್ಲ.
ಒಳಗೆ ಬರಲು ಅವಳಿಗೆ ಅರ್ಧ ಗಂಟೆ ಹಿಡಿಯಿತು.
ಮೊದಲು ಒಂದು ಕಾಲು. ಆಮೇಲೆ ನಮ್ಮ ಮುಖ.
ಆಮೇಲೆ ಇನ್ನೊಂದು ಕಾಲು.

ಹಾಗೆ ಒಳಗೆ ಬಂದವಳು ಈಗ ಕೋಟುಗಳ ಹಿಂದೆ.

ಬುಧವಾರ ಮತ್ತೆ. ಗುರುವಾರ ಎರಡು ಸಲ,
ಒಂದಂತೂ ನಿದ್ದೆಯಲ್ಲೇ, ಕನಸಿನ ಕುರಿ ಅಟ್ಟುತ್ತ
ಪಾದ ಅದುರುತ್ತಿದ್ದಾಗ.
ಒರೆಸಿದೆ. ಸ್ಲೇಟಿಗೆ ಅದೊಂದು ಒಳ್ಳೆಯ ಗುಣ,
ಒದ್ದೆಯಾದರೆ ಕಪ್ಪು, ಆರಿದರೆ ಏನೂ ಬರೆದೇ ಇಲ್ಲವೆಂಬಂತೆ ಬೂದು.
ಪಕ್ಕದ ಮನೆಯ ಟೆಗ್ವೆನ್ ಬಂದವಳು ಮೂಗು ಮುರಿದು
ಹೊರಗೆ ಕಟ್ಟಿ, ಇಷ್ಟು ವರ್ಷ ಇರಲಿಲ್ಲವೇ ಅಂದಳು.
ಅವಳ ಚಹಾಕ್ಕೆ ಸಕ್ಕರೆ ಹಾಕಲು ಮರೆತೆ, ಬೇಕೆಂದೇ.

ಪಶುವೈದ್ಯೆ ಲೌರಿ ಫೋನಿನಲ್ಲಿ ಹೇಳಿದ್ದು:
ಇದ್ದಕ್ಕಿದ್ದಂತೆ ಶುರುವಾದರೆ ಅದು ಹಟವಲ್ಲ, ಬೈಯಬೇಡಿ,
ಬೆಳಗಿನ ಮೊದಲ ಉಚ್ಚೆ ಹಿಡಿದು ತನ್ನಿ.

ಹಿಡಿಯುವುದು!
ಪೈಜಾಮದ ಮೇಲೆ ಕೋಟು, ಕೈಯಲ್ಲಿ ನನ್ನ ಸಾರಿನ ಸೌಟು,
ಎಪ್ಪತ್ತಾರರ ಗಂಡಸು ನಾಯಿಯ ಹಿಂದೆ
ಬಗ್ಗಿ ಬಗ್ಗಿ ಅಂಗಳ ಸುತ್ತಿದ.
ಅವಳು ನಿಂತರೆ ಇವನೂ ನಿಂತ.
ಅವಳು ತಿರುಗಿ ನೋಡಿದರೆ ಇವನು ಆಕಾಶ ನೋಡಿದ.
ಎಡಕ್ಕೆ, ಬಲಕ್ಕೆ, ಮಲಗು, ಸಾಕು ಬಾ ಎಂದು
ಹನ್ನೊಂದು ವರ್ಷ ಸಿಳ್ಳೆಯಲ್ಲಿ ನಡೆಸಿದವನನ್ನು
ಅವಳು ಸಿಳ್ಳೆಯೇ ಇಲ್ಲದೆ ನಡೆಸಿದಳು.
ಕಿಟಕಿಯಲ್ಲಿ ನಾನು ಒರೆಸುಬಟ್ಟೆ ಬಾಯಿಗಿಟ್ಟುಕೊಂಡು ನಕ್ಕೆ.
ಜಾಮಿನ ಬಾಟಲಿಯಲ್ಲಿ ಎರಡು ಬೆರಳು ಹಳದಿ.
ಲೇಬಲ್ಲು ಕೀಳುವುದು ಮರೆತುಹೋಗಿತ್ತು:
ಪ್ಲಮ್, ಕಳೆದ ವರ್ಷದ್ದು.

ಮೂತ್ರಕೋಶದ ಸೋಂಕು. ಅಷ್ಟೇ ತಾನೇ ಅಂದುಕೊಂಡೆವು.
ಆಮೇಲೆ ರಕ್ತದ ಕಾಗದ ನೋಡಿ ಲೌರಿ
ಕಿಡ್ನಿಯೂ ಅಷ್ಟೊಂದು ಅಂದವಳು
ವಾಕ್ಯ ಮುಗಿಸದೆ ನೆಲ್ ಕಿವಿ ಸವರಿದಳು.
ಮಾತ್ರೆ, ಹದಿನಾಲ್ಕು ದಿನಕ್ಕೆ. ಕುಡಿಯುವ ನೀರು ಕಡಿಮೆ ಮಾಡಬೇಡಿ.
ವಾಪಸು ಬರುವಾಗ ಗ್ವಿಲಿಮ್
ಎರಡನೇ ಗೇರಿನಲ್ಲೇ ಬೆಟ್ಟ ಇಳಿಸಿದ.

ಈಗ ರಾತ್ರಿ ಮೂರಕ್ಕೆ ಎದ್ದು ಕರೆದುಕೊಂಡು ಹೋಗುತ್ತಾನೆ.
ಅವಳಿಗೋಸ್ಕರ ಅನ್ನುತ್ತಾನೆ.
ಇರಬಹುದು. ಆದರೆ ಕಳೆದ ಚಳಿಗಾಲದಿಂದಲೂ ಏಳುತ್ತಿದ್ದ,
ಎರಡು ಸಲ, ಮೂರು ಸಲ,
ಡಾಕ್ಟರ ಹೆಸರೆತ್ತಿದರೆ ರೇಡಿಯೋ ಜೋರು ಮಾಡುತ್ತಿದ್ದ.
ಅಂಗಳದಲ್ಲಿ ಟಾರ್ಚು, ಕಲ್ಲುಗೋಡೆಯ ಮೇಲೆ ಎರಡು ನೆರಳು.
ಹಾಸಿಗೆಯಲ್ಲೇ ಕಿವಿಗೊಡುತ್ತೇನೆ.
ಒಂದು ಸದ್ದು ಸಲೀಸು. ಇನ್ನೊಂದು ತಡೆದು ತಡೆದು.
ಯಾವುದು ಯಾರದೆಂದು ನನಗೆ ಗೊತ್ತು.

ಇನ್ನೊಂದು ಬಾಟಲಿ ತೊಳೆದಿದ್ದೇನೆ, ಲೇಬಲ್ಲು ಕೆರೆದು,
ಅವನ ಕ್ಷೌರದ ಬ್ರಷ್ಷಿನ ಪಕ್ಕ ಇಟ್ಟಿದ್ದೇನೆ.
ಮೂರು ದಿನದಿಂದ ಅದನ್ನು ಮುಟ್ಟದೆ, ಕೈ ಬಳಸಿ,
ಬ್ರಷ್ಷು ತೆಗೆದುಕೊಳ್ಳುತ್ತಿದ್ದಾನೆ.
ತೆಗೆದುಕೊಳ್ಳಲಿ.
ಬಾಗಿಲು ತೆರೆದಿಟ್ಟು ಪೇಪರು ಹಿಡಿದು ಕೂರುವುದು
ನನಗೂ ಬರುತ್ತದೆ.